ಶಕ್ತನೂ ವಿಶ್ವಸ್ತನೂ: ಮನೆ ಕಟ್ಟಿಸುವವರೊಡನೆ ಎರಡು ಮಾತು

ಮನೆಯು ಅಲ್ಲಾಹನ ಮಹಾ ಅನುಗ್ರಹಗಳಲ್ಲೊಂದು. ಮಾನವರ ಮನೆಗಳನ್ನು ಅವರಿಗೆ ನೆಮ್ಮದಿಯ ತಾಣವನ್ನಾಗಿ ಮಾಡಿದವನು ಅಲ್ಲಾಹನೇ ಎಂದು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತವು ನಮಗೆ ನೆನಪಿಸುತ್ತದೆ. ಆದರೆ ಇಂದು ಎಷ್ಟೋ ಮನೆಗಳು ನೆಮ್ಮದಿಯ ತಾಣವಾಗುವ ಮೊದಲೇ ಜಗಳದ ಕಣವಾಗಿ ಬಿಡುತ್ತವೆ. ಕೊಲ್ಲಿ ರಾಷ್ಟ್ರದ ಬಿಸಿಲಿನಲ್ಲಿ ಹತ್ತಿಪ್ಪತ್ತು ವರ್ಷ ದುಡಿದು ಕಳಿಸಿದ ಹಣ, ಹೆಂಡತಿ ಒತ್ತೆಯಿಟ್ಟ ಒಡವೆ, ತಾಯಿ ಮಾರಿದ ಅಡಿಕೆ ತೋಟದ ತುಂಡು, ಎಲ್ಲವೂ ಪಾಯದಲ್ಲಿ ಇಳಿದಿರುತ್ತದೆ. ಗೋಡೆ ಲಿಂಟಲ್ ಮಟ್ಟಕ್ಕೆ ಬರುವಷ್ಟರಲ್ಲಿ ಗುತ್ತಿಗೆದಾರನ ಫೋನು ಸುಮ್ಮನಾಗುತ್ತದೆ. ಮತ್ತೊಂದೆಡೆ, ಪ್ರಾಮಾಣಿಕವಾಗಿ ಕೆಲಸ ಮುಗಿಸಿದ ಮೇಸ್ತ್ರಿಯು ತನ್ನ ಕೊನೆಯ ಕಂತಿಗಾಗಿ ಗೃಹಪ್ರವೇಶ ಮುಗಿಸಿದ ಯಜಮಾನನ ಬಾಗಿಲಿಗೆ ತಿಂಗಳುಗಟ್ಟಲೆ ಅಲೆಯುತ್ತಾನೆ. ಎರಡೂ ಅಕ್ರಮವೇ. ಎರಡಕ್ಕೂ ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಲೆಕ್ಕ ಕೊಡಬೇಕಾಗಿದೆ.

ಮನೆ ಕಟ್ಟುವ ವಿಷಯಕ್ಕೂ ದೀನಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನಮಾಝಿನ ಸಫ್‌ನಲ್ಲಿ ನಿಂತಾಗ ಮಾತ್ರ ಮುಸ್ಲಿಮನಾಗಿದ್ದು, ಕರಾರಿಗೆ ಸಹಿ ಹಾಕುವಾಗ ಬೇರೊಬ್ಬನಾಗಲು ಇಸ್ಲಾಮ್ ನಮಗೆ ಅನುಮತಿ ನೀಡಿಲ್ಲ. ಅಲ್‌ಮಾಇದಃ ಅಧ್ಯಾಯವು ಆರಂಭವಾಗುವುದೇ ಸತ್ಯವಿಶ್ವಾಸಿಗಳು ತಮ್ಮ ಕರಾರುಗಳನ್ನು ಪೂರ್ತಿಗೊಳಿಸಬೇಕೆಂಬ ಆಜ್ಞೆಯಿಂದ.

ಮದ್‌ಯನ್‌ನ ಪಾಠ

ಕೆಲಸಕ್ಕೆ ಯಾರನ್ನು ನೇಮಿಸಬೇಕು ಎಂಬುದಕ್ಕೆ ಕುರ್‌ಆನ್ ಒಂದು ಸುಂದರ ಘಟನೆಯ ಮೂಲಕ ಉತ್ತರ ನೀಡಿದೆ. ಹ. ಮೂಸಾ(ಅ) ಈಜಿಪ್ಟಿನಿಂದ ಹೊರಟು ಮದ್‌ಯನ್ ತಲುಪಿದರು. ಅಲ್ಲಿ ನೀರಿನ ತಾಣದ ಬಳಿ ಇಬ್ಬರು ಯುವತಿಯರು ತಮ್ಮ ಕುರಿಗಳನ್ನು ತಡೆದು ದೂರ ನಿಂತಿದ್ದರು. ಮೂಸಾ(ಅ) ಅವರ ಕುರಿಗಳಿಗೆ ನೀರುಣಿಸಿದರು. ಅನಂತರ ಅವರ ವೃದ್ಧ ತಂದೆಯು ಮೂಸಾರನ್ನು ಕರೆಸಿದಾಗ, ಆ ಯುವತಿಯರಲ್ಲೊಬ್ಬಳು ಇವರನ್ನು ಕೆಲಸಕ್ಕೆ ನೇಮಿಸಿಕೊಳ್ಳುವಂತೆ ತಂದೆಗೆ ಸಲಹೆ ನೀಡಿದಳು. ಕಾರಣವಾಗಿ ಅವಳು ಹೇಳಿದ್ದು ಎರಡೇ ಗುಣ: ಶಕ್ತಿ ಮತ್ತು ವಿಶ್ವಸ್ತತೆ. ಅಲ್‌ಕಸಸ್ ಅಧ್ಯಾಯದ 26ನೇ ಸೂಕ್ತದಲ್ಲಿ ಇದು ದಾಖಲಾಗಿದೆ.

ಆ ಯುವತಿಯು ಈ ಮಾತನ್ನು ಮುಖ ನೋಡಿ ಹೇಳಲಿಲ್ಲ. ಜನಸಂದಣಿಯ ನಡುವೆಯೂ ನೀರುಣಿಸಿದ್ದನ್ನು ಕಂಡು ಅವಳು ಅವರ ಶಕ್ತಿಯನ್ನು ಅರಿತಳು. ಮನೆಗೆ ಬರುವ ದಾರಿಯಲ್ಲಿ ಮೂಸಾ(ಅ) ಅವಳನ್ನು ತಮ್ಮ ಹಿಂದಿನಿಂದ ನಡೆಯುವಂತೆ ಹೇಳಿ ತಾವು ಮುಂದೆ ನಡೆದುದರಿಂದ ಅವರ ವಿಶ್ವಸ್ತತೆಯನ್ನು ಅರಿತಳೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅಂದರೆ ಕಣ್ಣಾರೆ ಕಂಡ ಕೆಲಸ ಮತ್ತು ಕಣ್ಣಾರೆ ಕಂಡ ನಡತೆ, ಇವೆರಡೂ ಅವಳ ಸಾಕ್ಷ್ಯವಾಗಿದ್ದವು. ಇಂದು ನಾವು ಲಕ್ಷಗಟ್ಟಲೆ ರೂಪಾಯಿಯ ಕೆಲಸವನ್ನು ಮದುವೆ ಮನೆಯಲ್ಲಿ ಪರಿಚಯವಾದವನಿಗೆ, ಒಂದು ಚಹಾ ಕುಡಿಯುವಷ್ಟರಲ್ಲಿ ಒಪ್ಪಿಸಿ ಬಿಡುತ್ತೇವೆ!

ಈ ಎರಡು ಗುಣಗಳಲ್ಲಿ ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನವಿಲ್ಲ. ಕೆಲಸ ಬಲ್ಲ ವಂಚಕನು ವಂಚನೆಯನ್ನೂ ನಾಜೂಕಾಗಿ ಮಾಡುತ್ತಾನೆ. ಕೆಲಸ ಬಾರದ ಸಜ್ಜನನು ಒಳ್ಳೆಯ ಮನಸ್ಸಿನಿಂದಲೇ ಸೋರುವ ತಾರಸಿ ಹಾಕಿ ಕೊಡುತ್ತಾನೆ.

ಸಫ್ ನೋಡಿ ಸಾಕ್ಷಿ ಹೇಳಬೇಡಿ

ನಮ್ಮಲ್ಲಿ ಒಂದು ಅಭ್ಯಾಸವಿದೆ. ಗಡ್ಡವಿದೆಯೇ, ಮೊದಲ ಸಫ್‌ನಲ್ಲಿ ಕಾಣುತ್ತಾನೆಯೇ, ಅಷ್ಟು ಸಾಕು. ಹ. ಉಮರ್(ರ) ಕುರಿತಾದ ಒಂದು ವರದಿ ಪ್ರಸಿದ್ಧವಾಗಿದೆ. ಒಬ್ಬನು ಮತ್ತೊಬ್ಬನ ಸಜ್ಜನಿಕೆಗೆ ಸಾಕ್ಷಿ ನುಡಿದಾಗ ಅವರು ಮೂರು ಪ್ರಶ್ನೆ ಕೇಳಿದರು: ನೀನು ಅವನ ನೆರೆಯವನೇ? ಅವನೊಂದಿಗೆ ಹಣದ ವ್ಯವಹಾರ ಮಾಡಿರುವೆಯಾ? ಅವನ ಜತೆ ಪ್ರಯಾಣ ಮಾಡಿರುವೆಯಾ? ಮೂರಕ್ಕೂ ಇಲ್ಲವೆಂಬ ಉತ್ತರ ಬಂತು. ಹಾಗಾದರೆ ಅವನು ಮಸೀದಿಯಲ್ಲಿ ತಲೆ ಬಾಗಿಸಿ ಎತ್ತುವುದನ್ನಷ್ಟೇ ನೀನು ಕಂಡಿರಬೇಕು, ನಿನಗೆ ಅವನ ಪರಿಚಯವಿಲ್ಲ ಎಂದು ಹೇಳಿ ಆ ಸಾಕ್ಷ್ಯವನ್ನು ಅವರು ಒಪ್ಪಲಿಲ್ಲ.

ಹಾಗೆಯೇ, ನಮ್ಮ ಸಮುದಾಯದವನಲ್ಲವೆಂಬ ಕಾರಣಕ್ಕೆ ಒಳ್ಳೆಯ ಕೆಲಸಗಾರನನ್ನು ದೂರವಿಡುವುದೂ ಸರಿಯಲ್ಲ. ಹಿಜ್‌ರಾದ ಸಂದರ್ಭದಲ್ಲಿ, ಪ್ರಾಣವೇ ಪಣಕ್ಕಿದ್ದಾಗ, ಪ್ರವಾದಿವರ್ಯರು(ಸ) ಮತ್ತು ಹ. ಅಬೂಬಕರ್(ರ) ದಾರಿ ತೋರಿಸಲು ಸಂಬಳಕ್ಕೆ ನೇಮಿಸಿಕೊಂಡದ್ದು ಅಬ್ದುಲ್ಲಾ ಬಿನ್ ಉರೈಕಿತ್ ಎಂಬ, ಆಗ ಇನ್ನೂ ಇಸ್ಲಾಮ್ ಸ್ವೀಕರಿಸಿರದ ವ್ಯಕ್ತಿಯನ್ನು. ಮರುಭೂಮಿಯ ದಾರಿಗಳಲ್ಲಿ ಅವನು ನಿಪುಣನಾಗಿದ್ದನು, ನಂಬಿಕೆಗೆ ಅರ್ಹನಾಗಿದ್ದನು. ತಮ್ಮ ಒಂಟೆಗಳನ್ನು ಅವನಿಗೆ ಒಪ್ಪಿಸಿ, ಮೂರು ರಾತ್ರಿಗಳ ಬಳಿಕ ಸೌರ್ ಗುಹೆಯ ಬಳಿಗೆ ತರುವಂತೆ ಸಮಯ ನಿಗದಿಪಡಿಸಿದ್ದರು. ಇಮಾಮ್ ಬುಖಾರಿಯವರು ಇದನ್ನು ಕೂಲಿ ಮತ್ತು ಬಾಡಿಗೆಯ ಅಧ್ಯಾಯದಲ್ಲೂ ಉಲ್ಲೇಖಿಸಿದ್ದಾರೆ.

ಮದೀನಾದ ಮಸೀದಿಯ ನಿರ್ಮಾಣದ ವೇಳೆ ಯಮಾಮಾದ ತಲ್ಕ್ ಬಿನ್ ಅಲಿ(ರ) ಮಣ್ಣು ಕಲಸುವುದರಲ್ಲಿ ಪರಿಣತರೆಂದು ಕಂಡ ಪ್ರವಾದಿವರ್ಯರು(ಸ) ಆ ಕೆಲಸವನ್ನು ಅವರಿಗೇ ವಹಿಸುವಂತೆ ಹೇಳಿದರೆಂದು ವರದಿಯಾಗಿದೆ. ಪುಣ್ಯದ ಕೆಲಸವಾದರೂ ಬಲ್ಲವನ ಕೈಯಲ್ಲೇ ಆಗಬೇಕು.

ಪರವಾನಿಗೆಯ ಪ್ರಶ್ನೆ

ವೈದ್ಯಕೀಯ ತಿಳಿಯದವನು ಚಿಕಿತ್ಸೆಗಿಳಿದು ಹಾನಿಯುಂಟಾದರೆ ಅವನೇ ಅದಕ್ಕೆ ಹೊಣೆ ಎಂಬರ್ಥದ ಹದೀಸ್ ಅಬೂದಾವೂದ್ ಮತ್ತು ಇಬ್ನು ಮಾಜಃ ಗ್ರಂಥಗಳಲ್ಲಿದೆ. ಈ ತತ್ವವು ಮನುಷ್ಯರ ಪ್ರಾಣಕ್ಕೆ ಸಂಬಂಧಿಸಿದ ಎಲ್ಲ ವೃತ್ತಿಗಳಿಗೂ ಅನ್ವಯಿಸಲು ಯೋಗ್ಯವಾಗಿದೆ. ಬಿದ್ದ ತಾರಸಿಯ ಕೆಳಗೆ ಮಲಗಿದ್ದ ಮಗುವಿಗೆ, ಮೇಸ್ತ್ರಿಯ ಉದ್ದೇಶ ಒಳ್ಳೆಯದಿತ್ತು ಎಂಬುದರಿಂದ ಏನು ಸಮಾಧಾನ?

ಆದುದರಿಂದ ಅರ್ಹತೆಯ ದಾಖಲೆ ಕೇಳುವುದು ಅಪನಂಬಿಕೆಯಲ್ಲ, ಅಮಾನತ್ತಿನ ರಕ್ಷಣೆ. ಆದರೆ ಯಾವ ಕಾಗದಕ್ಕೆ ಯಾವ ಅರ್ಥವೆಂಬುದು ನಮಗೆ ತಿಳಿದಿರಬೇಕು. ಪಂಚಾಯತ್ ಅಥವಾ ನಗರಸಭೆ ಕೊಡುವ ಪರವಾನಿಗೆಯು ಕಟ್ಟಡಕ್ಕೆ ಸಂಬಂಧಿಸಿದ್ದು. ಅದು ನಿವೇಶನದ ಯಜಮಾನನ ಹೆಸರಿನಲ್ಲಿರುತ್ತದೆ, ಮೇಸ್ತ್ರಿಯ ನೈಪುಣ್ಯಕ್ಕೆ ಅದು ಪುರಾವೆಯಲ್ಲ. ಲೋಕೋಪಯೋಗಿ ಇಲಾಖೆಯ ದರ್ಜೆಯುಳ್ಳ ಗುತ್ತಿಗೆದಾರನೆಂದರೆ ಸರಕಾರಿ ಕಾಮಗಾರಿಗೆ ಅರ್ಹನಾದವನು. ಅದೊಂದು ಒಳ್ಳೆಯ ಸೂಚನೆಯೇ ಹೊರತು ಅವನು ನಿಮ್ಮ ಮನೆಯನ್ನು ಚೆನ್ನಾಗಿ ಕಟ್ಟುವನೆಂಬ ಖಾತರಿಯಲ್ಲ. ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳುವವನು 1972ರ ಕಾನೂನಿನ ಪ್ರಕಾರ ವಾಸ್ತುಶಿಲ್ಪಿಗಳ ಮಂಡಳಿಯಲ್ಲಿ ನೋಂದಾಯಿಸಿರಬೇಕು. ವಿದ್ಯುತ್ ವಯರಿಂಗ್ ಕೆಲಸವನ್ನಂತೂ ಲೈಸನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರನಿಂದಲೇ ಮಾಡಿಸಬೇಕು. ಇಲ್ಲಿ ಯಾರದೋ ಲೈಸನ್ಸಿನ ಸಹಿಯನ್ನು ಹಣಕ್ಕೆ ಕೊಂಡು, ಕೆಲಸವನ್ನು ಅರೆಕಲಿತ ಹುಡುಗನಿಂದ ಮಾಡಿಸುವ ರೂಢಿಯಿದೆ. ಇದು ಸುಳ್ಳು ಸಾಕ್ಷ್ಯಕ್ಕೆ ಸಮಾನವಾದ ಕೃತ್ಯ.

ಕೆಲವು ದೇಶಗಳಲ್ಲಿ ಮನೆ ಕಟ್ಟುವ ಗುತ್ತಿಗೆದಾರನಿಗೇ ಲೈಸನ್ಸ್ ಕಡ್ಡಾಯ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1929ರಿಂದಲೇ ಇದಕ್ಕಾಗಿ ಒಂದು ಮಂಡಳಿಯಿದೆ. ಅಲ್ಲಿ ಮನೆ ದುರಸ್ತಿಯ ಗುತ್ತಿಗೆಗಳಿಗೆ ಮುಂಗಡವಾಗಿ ಒಟ್ಟು ಮೊತ್ತದ ಶೇಕಡಾ 10 ಅಥವಾ 1,000 ಡಾಲರ್, ಇವೆರಡರಲ್ಲಿ ಕಡಿಮೆಯಾದುದನ್ನು ಮಾತ್ರ ಪಡೆಯಬಹುದೆಂಬುದು ಸಾಮಾನ್ಯ ನಿಯಮ. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟಿಲ್ಲದಿರುವಾಗ ಪರೀಕ್ಷಿಸುವ ಹೊಣೆ ನಮ್ಮ ಮೇಲೆಯೇ ಇದೆ. ಅವನು ಮೂರು ನಾಲ್ಕು ವರ್ಷ ಹಿಂದೆ ಕಟ್ಟಿದ ಮನೆಗಳಿಗೆ ಹೋಗಿ. ಹೊಸ ಬಣ್ಣ ಬಳಿದ ಮನೆಗಲ್ಲ, ನಾಲ್ಕು ಮಳೆಗಾಲ ಕಂಡ ಮನೆಗೆ. ಆ ಮನೆಯ ತಾಯಂದಿರನ್ನು ಕೇಳಿ. ಬಚ್ಚಲಿನ ನೀರು ಎತ್ತ ಹರಿಯುತ್ತದೆ, ಯಾವ ಗೋಡೆ ಜೌಗು ಹಿಡಿಯುತ್ತದೆ ಎಂಬುದು ಅವರಿಗೆ ತಿಳಿದಷ್ಟು ಎಂಜಿನಿಯರನಿಗೂ ತಿಳಿದಿರುವುದಿಲ್ಲ.

ಪರವಾನಿಗೆಯ ಬಗ್ಗೆ ಇನ್ನೊಂದು ಮಾತು. ನಿಯಮ ಮೀರಿದ ನಕ್ಷೆಗೆ ಮಂಜೂರಾತಿ ಪಡೆಯಲು ಗುತ್ತಿಗೆದಾರನ ಮೂಲಕ ಲಂಚ ಕೊಡಿಸಿ, ತಾನು ಕೊಟ್ಟಿಲ್ಲವೆಂದು ಸಮಾಧಾನಪಡುವವರಿದ್ದಾರೆ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆ. ಕೈ ಬದಲಾದರೆ ಪಾಪ ಬದಲಾಗದು. ನೆರೆಯವನ ಗಡಿಯಿಂದ ಬಿಡಬೇಕಾದ ಜಾಗವನ್ನು ನುಂಗಿ ಗೋಡೆ ಎಬ್ಬಿಸುವವರು, ಅನ್ಯಾಯವಾಗಿ ಕಬಳಿಸಿದ ಒಂದು ಗೇಣು ನೆಲವೂ ಏಳು ಭೂಮಿಗಳ ಹಾರವಾಗಿ ಕೊರಳಿಗೆ ಬೀಳಲಿದೆ ಎಂಬ ಎಚ್ಚರಿಕೆಯನ್ನು ನೆನಪಿಡಲಿ.

ಬರೆದಿಡಿರಿ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವ ವಿಷಯದ ಬಗ್ಗೆ ಇದೆಯೆಂದು ನಿಮಗೆ ಗೊತ್ತೇ? ಅದು ವ್ಯವಹಾರದ ದಾಖಲೆಯ ಬಗ್ಗೆ ಇದೆ. ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತವು ನಿಶ್ಚಿತ ಅವಧಿಯ ಸಾಲದ ವ್ಯವಹಾರವನ್ನು ಬರೆದಿಡಲು, ನ್ಯಾಯಯುತವಾಗಿ ಬರೆಯಿಸಲು, ಸಾಕ್ಷಿಗಳನ್ನಿರಿಸಲು ಆಜ್ಞಾಪಿಸುತ್ತದೆ. ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಪಡಬಾರದೆಂದೂ ಸಂದೇಹಗಳಿಗೆ ಎಡೆಯಾಗದಂತೆ ಇದೇ ಉತ್ತಮವೆಂದೂ ಕಲಿಸುತ್ತದೆ. ಕಂತು ಕಂತಾಗಿ ಹಣ ಕೊಟ್ಟು ತಿಂಗಳುಗಳ ಬಳಿಕ ಮನೆ ಪಡೆಯುವ ವ್ಯವಹಾರಕ್ಕೆ ಈ ಮಾರ್ಗದರ್ಶನ ಎಷ್ಟು ಅಗತ್ಯ!

ಆದರೆ ನಾವು ಹೇಳುವುದೇನು? “ಅವ ನಮ್ಮ ಭಾವನ ಅಳಿಯ, ಬರಹ ಯಾಕೆ? ಅವನಿಗೆ ಬೇಸರವಾದೀತು.” ಬರೆಯದೆ ಇರುವುದರಿಂದಲೇ ಕೊನೆಗೆ ಭಾವನ ಮನೆಯ ದಾರಿ ಮುಚ್ಚುತ್ತದೆ. ಬರೆಯಿರೆಂದು ಅಲ್ಲಾಹನು ಸತ್ಯವಿಶ್ವಾಸಿಗಳನ್ನು ಸಂಬೋಧಿಸಿಯೇ ಹೇಳಿದ್ದಾನೆ, ಪರಸ್ಪರ ಶತ್ರುಗಳಾದವರಿಗಲ್ಲ. ಬರಹವು ನೆನಪಿನ ದೌರ್ಬಲ್ಯದಿಂದ ಸಂಬಂಧವನ್ನು ಕಾಪಾಡುತ್ತದೆ.

ಏನು ಬರೆಯಬೇಕು? ಮೊದಲು, ಗುತ್ತಿಗೆ ಯಾವ ಬಗೆಯದು ಎಂಬುದು. ಸಾಮಗ್ರಿ ನಿಮ್ಮದು, ದುಡಿಮೆ ಮಾತ್ರ ಅವನದಾದರೆ ಅದು ಕೂಲಿಯ ಕರಾರು. ಸಾಮಗ್ರಿ ಸಹಿತ ಕಟ್ಟಿ ಕೊಡುವ ಕರಾರಿಗೆ ಕರ್ಮಶಾಸ್ತ್ರದಲ್ಲಿ ಇಸ್ತಿಸ್ನಾ ಎಂದು ಹೆಸರು. ಹನಫಿ ವಿದ್ವಾಂಸರು ಇದನ್ನು ಅಂಗೀಕರಿಸಿದ್ದಾರೆ. ಶಾಫಿಈ ಮದ್‌ಹಬಿನ ಪೂರ್ವಿಕರು ಇದನ್ನು ಪ್ರತ್ಯೇಕ ಕರಾರಾಗಿ ಪರಿಗಣಿಸದೆ ಸಲಮ್ ವ್ಯವಹಾರದ ಶರತ್ತುಗಳಿಗೆ ಒಳಪಡಿಸಿದ್ದರು. ಜಿದ್ದಾದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು 1992ರ ತನ್ನ ಅಧಿವೇಶನದಲ್ಲಿ ಇದನ್ನು ಉಭಯ ಪಕ್ಷಗಳಿಗೂ ಬದ್ಧವಾದ ಕರಾರೆಂದು ಒಪ್ಪಿ, ವಸ್ತುವಿನ ಬಗೆ, ಪ್ರಮಾಣ, ಗುಣ ಮತ್ತು ಅವಧಿ ಸ್ಪಷ್ಟವಾಗಿರಬೇಕೆಂದೂ ಹಣವನ್ನು ಕಂತುಗಳಲ್ಲಿ ಕೊಡಬಹುದೆಂದೂ ತೀರ್ಮಾನಿಸಿತು. ವಿವರಗಳನ್ನು ನಿಮ್ಮ ಊರಿನ ಉಲಮಾಗಳಿಂದ ಕೇಳಿ ತಿಳಿಯಿರಿ. ಜಗಳಕ್ಕೆ ಕಾರಣವಾಗುವ ಅಸ್ಪಷ್ಟತೆ ಇರಬಾರದೆಂಬುದರಲ್ಲಿ ಎಲ್ಲ ಮದ್‌ಹಬ್‌ಗಳಿಗೂ ಒಮ್ಮತವಿದೆ.

ಆದ್ದರಿಂದ “ಒಳ್ಳೆಯ ಸಿಮೆಂಟು, ಒಳ್ಳೆಯ ಮರ” ಎಂದು ಬರೆದರೆ ಸಾಲದು. ಯಾವ ಸಿಮೆಂಟು, ಎಷ್ಟು ದಪ್ಪದ ಸರಳು, ಗೋಡೆ ಕೆಂಪುಕಲ್ಲಿನದೇ ಇಟ್ಟಿಗೆಯದೇ, ಬಾಗಿಲು ಯಾವ ಮರದ್ದು, ವಿದ್ಯುತ್ ಪಾಯಿಂಟ್‌ಗಳು ಎಷ್ಟು, ಎಲ್ಲವೂ ಬರಹದಲ್ಲಿರಲಿ. ಚದರಡಿಯ ದರವೆಂದಾದರೆ ಸಿಟೌಟ್, ಮೆಟ್ಟಿಲು, ಮುಂಚಾವಣಿಗಳನ್ನು ಹೇಗೆ ಅಳೆಯಬೇಕೆಂಬುದೂ ಇರಲಿ. ಬಾವಿ, ಕಂಪೌಂಡು, ಶೌಚಗುಂಡಿ ಇದರಲ್ಲಿ ಸೇರಿವೆಯೇ? ಸಿಮೆಂಟಿನ ಬೆಲೆ ಏರಿದರೆ ಹೊರೆ ಯಾರದು? ಕೆಲಸಕ್ಕೆ ಬೇಕಾದ ನೀರು, ಕರೆಂಟು ಯಾರದು? ಇಬ್ಬರೂ ಸಹಿ ಮಾಡಿ, ಇಬ್ಬರ ಕೈಯಲ್ಲೂ ಒಂದೊಂದು ಪ್ರತಿ ಇರಲಿ. ಪತಿ ವಿದೇಶದಲ್ಲಿದ್ದರೆ ಊರಿನಲ್ಲಿ ತೀರ್ಮಾನಿಸುವ ಅಧಿಕಾರ ಯಾರಿಗೆಂದು ಹೆಸರು ಹೇಳಿ ಬರೆಯಿರಿ. ಪ್ರತಿದಿನ ಕೆಲಸ ನೋಡುವವಳು ಪತ್ನಿಯಾಗಿದ್ದು, ಲೆಕ್ಕವೆಲ್ಲ ಅವಳಿಗೆ ತಿಳಿಯದಂತೆ ಇನ್ನಾರದೋ ಕಿಸೆಯಲ್ಲಿರುವುದು ಸರಿಯಾದ ವ್ಯವಸ್ಥೆಯಲ್ಲ.

ಹಣದ ವಿಚಾರ

ಪೂರ್ತಿ ಹಣವನ್ನು ಮೊದಲೇ ಕೊಡುವುದು ಔದಾರ್ಯವಲ್ಲ, ಅದು ಒಬ್ಬ ದುರ್ಬಲ ಮನುಷ್ಯನನ್ನು ಪರೀಕ್ಷೆಗೊಡ್ಡುವುದು. ಒಬ್ಬರ ಮುಂಗಡದಿಂದ ಇನ್ನೊಬ್ಬರ ತಾರಸಿ, ಅವರ ಹಣದಿಂದ ಮತ್ತೊಬ್ಬರ ಪಾಯ. ಈ ಸರಪಳಿ ಕಡಿದ ದಿನ ಮೂರು ಕುಟುಂಬಗಳು ಬೀದಿಗೆ ಬರುತ್ತವೆ. ಪಾಯ, ಗೋಡೆ, ತಾರಸಿ, ಗಿಲಾವು, ನೆಲ, ಬಣ್ಣ ಎಂದು ಹಂತಗಳನ್ನು ಗೊತ್ತುಪಡಿಸಿ. ಹಂತ ಮುಗಿದ ದಿನವೇ ಹಣ ಕೊಡಿ, ರಶೀದಿ ಪಡೆಯಿರಿ. ಒಂದು ಸಣ್ಣ ಮೊತ್ತವನ್ನು ಒಂದು ಮಳೆಗಾಲ ಕಳೆಯುವ ತನಕ ಉಳಿಸಿಕೊಳ್ಳುವುದೆಂದು ಮೊದಲೇ ಇಬ್ಬರೂ ಒಪ್ಪಿದ್ದರೆ ಉತ್ತಮ. ಮೊದಲು ಒಪ್ಪದೆ ಕೊನೆಗೆ ತಡೆಹಿಡಿದರೆ ಮಾತ್ರ ಅದು ಮಾತು ಮುರಿದಂತೆ.

ಕೆಲಸ ತಡವಾದರೆ ದಿನಕ್ಕಿಷ್ಟು ಕಡಿತವೆಂಬ ಶರತ್ತನ್ನು, ಅನಿವಾರ್ಯ ಅಡಚಣೆಗಳನ್ನು ಹೊರತುಪಡಿಸಿ, ಹಾಕಬಹುದೆಂದು ಮೇಲೆ ಹೇಳಿದ ಅಕಾಡೆಮಿಯು ಹೇಳಿದೆ. ಆದರೆ ಕೊಡಬೇಕಾದ ಹಣ ತಡವಾದುದಕ್ಕೆ ದಿನಕ್ಕಿಷ್ಟು ಹೆಚ್ಚೆಂದು ಹಾಕುವುದು ಬೇರೆ ವಿಷಯ. ಅದು ಸಾಲದ ಮೇಲಿನ ಹೆಚ್ಚಳ, ಅಂದರೆ ಬಡ್ಡಿ. ಸಾಲಗಳಲ್ಲಿ ಅಂತಹ ಶರತ್ತು ಸಲ್ಲದೆಂದು ಅದೇ ಅಕಾಡೆಮಿಯು 2000ದಲ್ಲಿ ಸ್ಪಷ್ಟಪಡಿಸಿದೆ.

ಗಿಲಾವಿನ ಒಳಗಿನ ಸತ್ಯ

ಇನ್ನು ಗುತ್ತಿಗೆದಾರ ಸಹೋದರರೊಂದಿಗೆ ಒಂದು ಮಾತು. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ತೇವವಿತ್ತು. ಮಳೆಯಿಂದ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದರು. ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದು ಘೋಷಿಸಿದರು. ಇಮಾಮ್ ಮುಸ್ಲಿಮ್ ಇದನ್ನು ವರದಿ ಮಾಡಿದ್ದಾರೆ. ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಬಹುದು, ಆದರೆ ಕಾಂಕ್ರೀಟಿನೊಳಗೆ ಕೈ ಹಾಕುವವರಾರು? ಸಿಮೆಂಟು ಕಡಿಮೆ ಹಾಕಿ ನೀರು ಹೆಚ್ಚು ಸುರಿದದ್ದು, ಎರಡು ಸರಳುಗಳ ನಡುವಿನ ಅಂತರ ಹಿಗ್ಗಿಸಿದ್ದು, ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ 10 ದಿನ ತಾರಸಿಯನ್ನು ನೀರಿನಿಂದ ತೇವವಾಗಿಡಬೇಕಾದಲ್ಲಿ ಮೂರೇ ದಿನಕ್ಕೆ ನಿಲ್ಲಿಸಿದ್ದು, ಇದೆಲ್ಲ ಗಿಲಾವಿನ ಕೆಳಗೆ ಮುಚ್ಚಿ ಹೋಗುತ್ತದೆ. ಆದರೆ ಅಲ್ಲಾಹನಿಂದ ಏನೂ ಮುಚ್ಚಿ ಹೋಗದು.

ಅಳೆದು ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಕೊಡುವವರಿಗೆ ಅಲ್‌ಮುತಫ್ಫಿಫೀನ್ ಅಧ್ಯಾಯದ ಆರಂಭದಲ್ಲೇ ವಿನಾಶದ ಎಚ್ಚರಿಕೆಯಿದೆ. ಚದರಡಿಯ ಲೆಕ್ಕದಲ್ಲಿ ಒಂದು ಇಂಚೂ ಬಿಡದೆ, ಸಿಮೆಂಟಿನ ಲೆಕ್ಕದಲ್ಲಿ ಚೀಲಗಟ್ಟಲೆ ಬಿಡುವವನು ಈ ಸೂಕ್ತಗಳನ್ನು ಓದಲಿ. ಯಜಮಾನನ ಪರವಾಗಿ ಅಂಗಡಿಯಿಂದ ಸಾಮಾನು ಖರೀದಿಸುವವನು ಅವನ ಪ್ರತಿನಿಧಿ. ಅಂಗಡಿಯವನು ಕೊಡುವ ರಿಯಾಯಿತಿಯನ್ನು ಬಚ್ಚಿಟ್ಟು ಪೂರ್ತಿ ಬೆಲೆಯ ಬಿಲ್ಲು ತೋರಿಸುವುದು ಅಮಾನತ್ತಿನ ದ್ರೋಹ. ನಿಮಗೆ ಲಾಭ ಬೇಕು, ಅದು ನಿಮ್ಮ ಹಕ್ಕು. ಅದನ್ನು ದರದಲ್ಲಿ ಬಹಿರಂಗವಾಗಿ ಕೇಳಿ ಪಡೆಯಿರಿ.

ಮನೆ ಯಜಮಾನನ ಹೊಣೆ

ಮದ್‌ಯನ್‌ನ ಆ ವೃದ್ಧರು ಮೂಸಾ(ಅ)ರೊಂದಿಗೆ ಮಾಡಿದ ಕರಾರನ್ನು ಮತ್ತೊಮ್ಮೆ ನೋಡಿ. ಎಂಟು ವರ್ಷಗಳ ಕೆಲಸ ಕಡ್ಡಾಯ. ಹತ್ತು ಪೂರ್ತಿ ಮಾಡಿದರೆ ಅದು ಮೂಸಾರ ಸ್ವಂತ ಔದಾರ್ಯ. ತಾನು ಕಷ್ಟ ಕೊಡಬಯಸುವುದಿಲ್ಲ ಎಂದೂ ಅವರು ಮೊದಲೇ ತಿಳಿಸಿದರು. ಮೂಸಾ(ಅ) ಎರಡರಲ್ಲಿ ದೀರ್ಘವಾದ ಅವಧಿಯನ್ನೇ ಪೂರ್ತಿಗೊಳಿಸಿದರೆಂದು ಹ. ಇಬ್ನು ಅಬ್ಬಾಸ್(ರ) ಹೇಳಿದ್ದಾರೆ. ಕಡ್ಡಾಯ ಮತ್ತು ಔದಾರ್ಯ ಇಲ್ಲಿ ಬೇರೆ ಬೇರೆಯಾಗಿವೆ. ನಮ್ಮಲ್ಲಾದರೋ, ಔದಾರ್ಯವನ್ನೇ ಹಕ್ಕೆಂದು ಕೇಳುತ್ತೇವೆ. “ಇಲ್ಲೊಂದು ಕಪಾಟು, ಅಲ್ಲೊಂದು ಕಿಟಕಿ, ಇಷ್ಟಕ್ಕೆಲ್ಲ ಏನು ಲೆಕ್ಕ?” ಎನ್ನುತ್ತೇವೆ. ಎದ್ದ ಗೋಡೆಯನ್ನು ಕೆಡವಿಸಿ, ಕೆಡವಿದ ಕೂಲಿ ಕೊಡುವುದಿಲ್ಲ. ನಕ್ಷೆಯಲ್ಲಿಲ್ಲದ ಪ್ರತಿಯೊಂದು ಕೆಲಸಕ್ಕೂ ಮೊದಲು ದರ ಹೇಳಿಸಿ, ಬರೆಸಿ, ಅನಂತರ ಮಾಡಿಸಿ.

ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ(ಸ) ಬೋಧನೆಯನ್ನು ನಾವೆಲ್ಲ ಕೇಳಿದ್ದೇವೆ. ಕೆಲಸವನ್ನು ಪೂರ್ತಿ ಪಡೆದು ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನ ಅಲ್ಲಾಹನೇ ಪ್ರತಿವಾದಿಯಾಗುವನೆಂದು ಬುಖಾರಿ ವರದಿ ಮಾಡಿದ ಹದೀಸಿನಲ್ಲಿದೆ. ಅಲ್ಲಾಹನೇ ಎದುರು ನಿಂತ ಮೊಕದ್ದಮೆಯಲ್ಲಿ ನಮ್ಮ ಪರ ವಾದಿಸುವವರಾರು?

ನಿಮ್ಮ ಮನೆಯಲ್ಲಿ ಕಲ್ಲು ಹೊರುವವರು ರಾಯಚೂರಿನಿಂದಲೋ ಬಿಹಾರದಿಂದಲೋ ಬಂದ ಬಡವರು. ಗುತ್ತಿಗೆದಾರನಿಗೆ ಹಣ ಕೊಟ್ಟೆವು, ಕೂಲಿ ಅವನ ಪಾಡು ಎಂದು ಕೈ ತೊಳೆದುಕೊಳ್ಳಬೇಡಿ. ವಾರಕ್ಕೊಮ್ಮೆ ಅವರಿಗೆ ಬಟವಾಡೆಯಾಗಿದೆಯೇ ಎಂದು ವಿಚಾರಿಸಿ. ಎತ್ತರದಲ್ಲಿ ದುಡಿಯುವವನ ಕಾಲ ಕೆಳಗಿನ ಹಲಗೆ ಗಟ್ಟಿಯಿದೆಯೇ ಎಂದು ನೋಡಿ. ಅಪಘಾತವಾದರೆ ಖರ್ಚು ಯಾರದೆಂದು ಕರಾರಿನಲ್ಲೇ ಬರೆಯಿರಿ. ನಮ್ಮ ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿದೆ. ಅದರಲ್ಲಿ ನೋಂದಾಯಿಸಲು ಅವರಿಗೆ ನೆರವಾಗುವುದೂ ಒಂದು ಪುಣ್ಯ ಕಾರ್ಯ.

ವಿವಾದ ಉಂಟಾದರೆ

ಎಷ್ಟು ಜಾಗ್ರತೆ ವಹಿಸಿದರೂ ಭಿನ್ನಾಭಿಪ್ರಾಯ ಬರಬಹುದು. ಆಗ ಮಸೀದಿಯ ಅಂಗಳದಲ್ಲಿ, ಮದುವೆ ಮನೆಗಳಲ್ಲಿ ಅವನ ಮಾನ ಹರಾಜು ಹಾಕುವುದು ಪರಿಹಾರವಲ್ಲ. ಮೊದಲು ಇಬ್ಬರೂ ಒಪ್ಪುವ ಒಬ್ಬ ಎಂಜಿನಿಯರರಿಂದ ಅಳತೆ ಮಾಡಿಸಿ. ಅನಂತರ ನ್ಯಾಯಪ್ರಿಯರಾದ ಇಬ್ಬರು ಹಿರಿಯರ ಮುಂದೆ ಕುಳಿತು ಸಂಧಾನ ಮಾಡಿಕೊಳ್ಳಿ. ಮುಂದೆ ಕೆಲಸ ಕೊಡುವ ಉದ್ದೇಶದಿಂದ ಯಾರಾದರೂ ನಿಮ್ಮ ಅಭಿಪ್ರಾಯ ಕೇಳಿದರೆ ಕಂಡ ಸತ್ಯವನ್ನು ಕಂಡಷ್ಟೇ ಹೇಳಿ. ಅದು ಪರನಿಂದೆಯಲ್ಲ, ಹಿತಚಿಂತನೆ.

ಸಂಧಾನ ವಿಫಲವಾದರೆ ಕಾನೂನಿನ ಮೊರೆ ಹೋಗುವುದು ತಪ್ಪಲ್ಲ. ಮನೆ ನಿರ್ಮಾಣವನ್ನು 1993ರ ತಿದ್ದುಪಡಿಯಿಂದಲೇ ಗ್ರಾಹಕ ಕಾನೂನಿನ ಸೇವೆಗಳಲ್ಲಿ ಸೇರಿಸಲಾಗಿದೆ. 2019ರ ಹೊಸ ಕಾನೂನಿನಲ್ಲೂ ಅದು ಮುಂದುವರಿದಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ದೂರಿಗೆ ಕಾರಣವುಂಟಾದ ಎರಡು ವರ್ಷಗಳೊಳಗೆ ಕೊಡಬೇಕು. ಆದರೆ ಆಯೋಗವೂ ಕೇಳುವುದು ಕರಾರು, ರಶೀದಿ, ಫೋಟೋಗಳನ್ನೇ. ಬರೆದಿಡಿರೆಂಬ ಅಲ್ಲಾಹನ ಆಜ್ಞೆಯ ಹಿರಿಮೆ ಅಲ್ಲಿ ನಮಗೆ ಅರ್ಥವಾಗುತ್ತದೆ.

ಸಹೋದರ ಸಹೋದರಿಯರೇ, ಹ. ಇಬ್ರಾಹೀಮ್(ಅ) ಮತ್ತು ಹ. ಇಸ್ಮಾಈಲ್(ಅ) ಕಅಬಾದ ಗೋಡೆಗಳನ್ನು ಎಬ್ಬಿಸುತ್ತಿದ್ದಾಗ ಅವರ ನಾಲಗೆಯಲ್ಲಿ ಇದ್ದದ್ದು ಸ್ವೀಕಾರದ ಪ್ರಾರ್ಥನೆ. ಅಷ್ಟು ಪವಿತ್ರ ಕೆಲಸ ಮಾಡುತ್ತಲೂ ಅದು ಸ್ವೀಕಾರವಾಗಲೆಂದು ಅವರು ಬೇಡಿದರು. ನಾವು ಹೊಸ ಮನೆಯಲ್ಲಿ ಮೌಲೂದ್ ಓದಿಸುತ್ತೇವೆ, ಕುರ್‌ಆನ್ ಪಾರಾಯಣ ಮಾಡಿಸುತ್ತೇವೆ, ಊಟ ಹಾಕುತ್ತೇವೆ. ಆ ಊಟಕ್ಕೆ ಮುನ್ನ ಒಂದು ಲೆಕ್ಕ ಚುಕ್ತಾ ಮಾಡೋಣ: ಈ ಗೋಡೆಯಲ್ಲಿ ಯಾರದಾದರೂ ಕೂಲಿ ಬಾಕಿಯಿದೆಯೇ? ಈ ಹೊಸ್ತಿಲಿನಲ್ಲಿ ಯಾರದಾದರೂ ಕಣ್ಣೀರಿದೆಯೇ? ಇಲ್ಲವೆಂದಾದರೆ, ಆ ಮನೆ ಚಿಕ್ಕದಾದರೂ ಬರ್ಕತ್ತಿನ ಮನೆ.

ಕಟ್ಟಿಸುವವರಿಗೆ ನ್ಯಾಯಪ್ರಜ್ಞೆಯನ್ನೂ, ಕಟ್ಟುವವರಿಗೆ ಶಕ್ತಿಯನ್ನೂ ವಿಶ್ವಸ್ತತೆಯನ್ನೂ ಅಲ್ಲಾಹನು ದಯಪಾಲಿಸಲಿ. ನಮ್ಮ ಮನೆಗಳನ್ನು ನೆಮ್ಮದಿಯ ತಾಣಗಳನ್ನಾಗಿ ಮಾಡಲಿ. ಆಮೀನ್.